ಸಹಿ ಹಾಕುವ ಮುನ್ನ: ಜೈವಿಕ ನೀತಿಶಾಸ್ತ್ರದ ತತ್ವಗಳನ್ನು ಆಸ್ಪತ್ರೆಯಲ್ಲಿ ಬಳಸುವ ಬಗೆ

ಶಸ್ತ್ರಚಿಕಿತ್ಸೆಯ ಹಿಂದಿನ ಸಂಜೆ ನರ್ಸ್ ಒಬ್ಬರು ನಾಲ್ಕಾರು ಹಾಳೆಗಳನ್ನು ತಂದು ಮಂಚದ ಪಕ್ಕ ನಿಂತವರ ಕೈಗೆ ಕೊಡುತ್ತಾರೆ. "ಇಲ್ಲೊಂದು ಸಹಿ, ಇಲ್ಲೊಂದು, ಹಿಂದಿನ ಪುಟದಲ್ಲಿ ಇನ್ನೊಂದು." ನಿಂತವರು ಸಹಿ ಹಾಕುತ್ತಾರೆ. ಮಂಚದ ಮೇಲೆ ಮಲಗಿದವರನ್ನು ಯಾರೂ ಏನೂ ಕೇಳುವುದಿಲ್ಲ. ನಮ್ಮಲ್ಲಿ ಇದು ಎಷ್ಟು ರೂಢಿಯಾಗಿದೆಯೆಂದರೆ, ಇದರಲ್ಲಿ ತಪ್ಪೇನಿದೆ ಎನ್ನುವವರೇ ಹೆಚ್ಚು.

ಆ ಹಾಳೆಗಳ ಹಿಂದೆ ಸುಮಾರು ಒಂದು ಶತಮಾನದ ಕಹಿ ಅನುಭವವಿದೆ. ಅದರಿಂದ ಹುಟ್ಟಿದ ಚಿಂತನೆಯನ್ನೇ ಬಯೋಎಥಿಕ್ಸ್, ಅಂದರೆ ಜೈವಿಕ ನೀತಿಶಾಸ್ತ್ರ ಎಂದು ಕರೆಯುತ್ತಾರೆ. ವೈದ್ಯಕೀಯ ಕಾಲೇಜಿನ ಪಠ್ಯದಲ್ಲಿ ಇದು ನಾಲ್ಕು ತತ್ವಗಳಾಗಿ ಅಚ್ಚುಕಟ್ಟಾಗಿ ಕುಳಿತಿದೆ: ರೋಗಿಯ ಸ್ವಾಯತ್ತತೆ, ಹಿತಸಾಧನೆ, ಹಾನಿ ಮಾಡದಿರುವುದು, ನ್ಯಾಯ. ಪರೀಕ್ಷೆಗೆ ಬಾಯಿಪಾಠ ಮಾಡಲು ಇಷ್ಟು ಸಾಕು. ಐಸಿಯು ಹೊರಗಿನ ಕುರ್ಚಿಯಲ್ಲಿ ಕುಳಿತವರಿಗೆ ಸಾಲದು. ಈ ಲೇಖನ ಅಂಥವರಿಗಾಗಿ, ಅದಕ್ಕಿಂತ ಹೆಚ್ಚಾಗಿ ಇನ್ನೂ ಅಲ್ಲಿಗೆ ಹೋಗುವ ಪ್ರಸಂಗ ಬಂದಿಲ್ಲದವರಿಗಾಗಿ.

ವಿಷಯ ಗಾಳಿಯಲ್ಲಿ ತೇಲದಂತೆ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಹಾವೇರಿ ಕಡೆಯ ನಿವೃತ್ತ ಮಾಸ್ತರರೊಬ್ಬರು. ವಯಸ್ಸು 74. ಊಟ ಸೇರುತ್ತಿಲ್ಲ, ತೂಕ ಇಳಿಯುತ್ತಿದೆ ಎಂದು ಪರೀಕ್ಷೆ ಮಾಡಿಸಿದಾಗ ಜಠರದ ಕ್ಯಾನ್ಸರ್ ಎಂದು ತಿಳಿದಿದೆ, ಯಕೃತ್ತಿಗೂ ಹರಡಿದೆ. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ಮನೆಯಲ್ಲಿ ಹೆಂಡತಿ ಮತ್ತು ಸೊಸೆ. ಮಗ ವೈದ್ಯರ ಕೋಣೆಯಿಂದ ಹೊರಬರುವ ಮೊದಲು ಹೇಳಿದ ಮಾತು: "ಡಾಕ್ಟರೇ, ಅಪ್ಪನಿಗೆ ಮಾತ್ರ ಏನೂ ಹೇಳಬೇಡಿ."

ಈ ತತ್ವಗಳು ಎಲ್ಲಿಂದ ಬಂದವು

ಮೊದಲು ಸ್ವಲ್ಪ ಇತಿಹಾಸ. ತತ್ವ ಯಾವ ಗಾಯದಿಂದ ಹುಟ್ಟಿತು ಎಂದು ಗೊತ್ತಿದ್ದರೆ ಅದನ್ನು ಎಲ್ಲಿ ಬಳಸಬೇಕೆಂಬುದೂ ಹೊಳೆಯುತ್ತದೆ.

ಜರ್ಮನಿಯ ಹಾಲೆ ಊರಿನ ಪಾದ್ರಿ ಫ್ರಿಟ್ಜ್ ಯಾರ್ ಎಂಬವರು 1927ರಲ್ಲೇ ಬಯೋಎಥಿಕ್ಸ್ ಎಂಬ ಹೆಸರನ್ನು ಬಳಸಿದ್ದರು. ಅವರ ಮನಸ್ಸಿನಲ್ಲಿದ್ದದ್ದು ಸಸ್ಯ, ಪ್ರಾಣಿಗಳೆಲ್ಲದರ ಬಗೆಗೂ ಮನುಷ್ಯನಿಗಿರುವ ಹೊಣೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕ್ಯಾನ್ಸರ್ ಸಂಶೋಧಕ ವಾನ್ ರೆನ್ಸಿಲೇರ್ ಪಾಟರ್ 1970ರಲ್ಲಿ ಅದೇ ಹೆಸರನ್ನು ಮತ್ತೆ ಚಲಾವಣೆಗೆ ತಂದರು. ಅವರ ಕಾಳಜಿ ಭೂಮಿಯ ಮೇಲೆ ಮನುಕುಲ ಉಳಿಯುವುದು ಹೇಗೆ ಎಂಬುದಾಗಿತ್ತು. ಇಬ್ಬರ ವಿಶಾಲ ಕನಸೂ ಹಿಂದೆ ಸರಿದು ಆಸ್ಪತ್ರೆ ಮತ್ತು ಪ್ರಯೋಗಾಲಯದ ಪ್ರಶ್ನೆಗಳೇ ಮುಂದೆ ಬಂದವು. ಅದಕ್ಕೆ ಕಾರಣವಾದ ಊರುಗಳು ಬೇರೆ.

ಒಂದು, ಜರ್ಮನಿಯ ನ್ಯೂರೆಂಬರ್ಗ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರ ಡಿಸೆಂಬರ್‌ನಲ್ಲಿ ಅಲ್ಲಿ 23 ಜನರ ವಿಚಾರಣೆ ಆರಂಭವಾಯಿತು. ಅವರಲ್ಲಿ 20 ಮಂದಿ ವೈದ್ಯರು. ನಾಜಿ ಸೆರೆಶಿಬಿರದ ಕೈದಿಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ, ಗಾಳಿಯ ಒತ್ತಡ ಇಳಿಸಿದ ಕೋಣೆಯಲ್ಲಿ ಕೂಡಿಹಾಕಿ, ರೋಗಾಣು ಚುಚ್ಚಿ ಪ್ರಯೋಗ ಮಾಡಿದ ಆರೋಪ. 1947ರ ಆಗಸ್ಟ್‌ನಲ್ಲಿ ಬಂದ ತೀರ್ಪಿನ ಜೊತೆಗೆ ನ್ಯಾಯಾಲಯ ಹತ್ತು ಅಂಶಗಳ ಸಂಹಿತೆಯನ್ನು ಕೊಟ್ಟಿತು. ಮೊದಲ ಅಂಶವೇ, ಪ್ರಯೋಗಕ್ಕೆ ಒಳಗಾಗುವ ವ್ಯಕ್ತಿ ಸ್ವಇಚ್ಛೆಯಿಂದ ಒಪ್ಪಿರಲೇಬೇಕು ಎಂಬುದು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಮನುಷ್ಯರ ಮೇಲಿನ ಪ್ರಯೋಗಕ್ಕೆ ಒಪ್ಪಿಗೆ ಬೇಕೆಂಬ ಸರ್ಕಾರಿ ಸೂಚನೆ ಜರ್ಮನಿಯಲ್ಲಿ 1931ರಲ್ಲೇ ಹೊರಟಿತ್ತು. ನಿಯಮ ಇತ್ತು, ಕೇಳುವವರು ಇರಲಿಲ್ಲ.

ಎರಡು, ಟಸ್ಕೀಗಿ. ಇದು ನಾಜಿಗಳ ಕಥೆಯಲ್ಲ, ಪ್ರಜಾಪ್ರಭುತ್ವದ ಕಥೆ. ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯೇ 1932ರಲ್ಲಿ ಒಂದು ಅಧ್ಯಯನ ಶುರುಮಾಡಿತು. ಸಿಫಿಲಿಸ್ ಇದ್ದ 399 ಕಪ್ಪು ಜನಾಂಗದ ಗಂಡಸರು, ಹೋಲಿಕೆಗೆಂದು ರೋಗವಿಲ್ಲದ 201 ಮಂದಿ. ಹೆಚ್ಚಿನವರು ಗೇಣಿಗೆ ಹತ್ತಿ ಬೆಳೆಯುವ ಬಡವರು. ರೋಗವನ್ನು ಹಾಗೆಯೇ ಬಿಟ್ಟರೆ ದೇಹಕ್ಕೆ ಏನಾಗುತ್ತದೆ ಎಂದು ನೋಡುವುದು ಉದ್ದೇಶ. ರೋಗಿಗಳಿಗೆ ಹೇಳಿದ್ದು "ನಿಮ್ಮ ರಕ್ತ ಕೆಟ್ಟಿದೆ" ಎಂದಷ್ಟೇ. ಬೆನ್ನುಹುರಿಯ ನೀರು ತೆಗೆಯುವ ನೋವಿನ ಪರೀಕ್ಷೆಯನ್ನು ಉಚಿತ ವಿಶೇಷ ಚಿಕಿತ್ಸೆ ಎಂದು ನಂಬಿಸಿದರು. ಬಿಸಿ ಊಟ, ಆಸ್ಪತ್ರೆಗೆ ಹೋಗಿಬರುವ ವಾಹನ, ಸತ್ತರೆ ಶವಸಂಸ್ಕಾರದ ಖರ್ಚು, ಇಷ್ಟು ಕೊಟ್ಟರು. ನಲವತ್ತರ ದಶಕದಲ್ಲಿ ಪೆನ್ಸಿಲಿನ್ ಬಂದು ಈ ಕಾಯಿಲೆ ಗುಣವಾಗತೊಡಗಿದ ಮೇಲೂ ಇವರಿಗೆ ಅದನ್ನು ಕೊಡಲಿಲ್ಲ. ಸಂಸ್ಥೆಯ ಒಳಗಿದ್ದ ಪೀಟರ್ ಬಕ್ಸ್‌ಟನ್ ಎಂಬ ಯುವಕ 1966ರಿಂದ ಆಕ್ಷೇಪ ಎತ್ತುತ್ತಲೇ ಬಂದರು. ಮೇಲಿನವರು ಕಿವಿಗೊಡಲಿಲ್ಲ. ಕೊನೆಗೆ 1972ರ ಜುಲೈನಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ಪ್ರಯೋಗ ನಿಂತಿತು. ನಲವತ್ತು ವರ್ಷ! ಅಧ್ಯಕ್ಷ ಬಿಲ್ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದ್ದು 1997ರಲ್ಲಿ.

ಈ ಹಗರಣದ ಬೆನ್ನಿಗೆ ಅಮೆರಿಕ ಒಂದು ರಾಷ್ಟ್ರೀಯ ಆಯೋಗ ನೇಮಿಸಿತು. 1979ರಲ್ಲಿ ಪ್ರಕಟವಾದ ಅದರ ಬೆಲ್ಮಾಂಟ್ ವರದಿ ವ್ಯಕ್ತಿಗೌರವ, ಹಿತಸಾಧನೆ, ನ್ಯಾಯ ಎಂಬ ಮೂರು ತತ್ವಗಳನ್ನು ಮುಂದಿಟ್ಟಿತು. ಅದೇ ವರ್ಷ ಅಮೆರಿಕದ ನೀತಿಚಿಂತಕರಾದ ಟಾಮ್ ಬೋಷಾಂಪ್ ಮತ್ತು ಜೇಮ್ಸ್ ಚಿಲ್ಡ್ರೆಸ್ ತಮ್ಮ ಗ್ರಂಥದಲ್ಲಿ ಹಾನಿ ಮಾಡದಿರುವುದನ್ನು ಪ್ರತ್ಯೇಕ ತತ್ವವಾಗಿಸಿದ್ದರಿಂದ ಸಂಖ್ಯೆ ನಾಲ್ಕಾಯಿತು.

ಮೂರನೆಯ ಊರು ಅಮೆರಿಕದ ಸಿಯಾಟಲ್. ಅದರ ಮಾತು ನ್ಯಾಯದ ಹೆಜ್ಜೆಯಲ್ಲಿ ಬರುತ್ತದೆ.

ಇದೆಲ್ಲ ಪಶ್ಚಿಮದ ಮಾತು, ನಮ್ಮಲ್ಲಿ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇತ್ತು. ಚರಕ ಸಂಹಿತೆಯ ವಿಮಾನಸ್ಥಾನ ಎಂಬ ಭಾಗದಲ್ಲಿ ಗುರು ಶಿಷ್ಯನಿಗೆ ಬೋಧಿಸುವ ಪ್ರತಿಜ್ಞೆಯಿದೆ. ಪ್ರಾಣ ಹೋದರೂ ರೋಗಿಗೆ ಕೇಡು ಬಗೆಯಬೇಡ, ರೋಗಿಯ ಮನೆಯ ಗುಟ್ಟನ್ನು ಹೊರಗೆ ಆಡಬೇಡ ಎಂಬ ಮಾತುಗಳು ಇಂದಿಗೂ ಹಾಗೆಯೇ ಸಲ್ಲುತ್ತವೆ. ಆದರೆ ಅದೇ ಪ್ರತಿಜ್ಞೆ ರಾಜನ ದ್ವೇಷಕ್ಕೆ ಗುರಿಯಾದವರಿಗೆ ಔಷಧ ಕೊಡಬೇಡ ಎನ್ನುತ್ತದೆ. ಆಯುಷ್ಯ ಮುಗಿಯುತ್ತಾ ಬಂದಿದೆ ಎಂದು ಗೊತ್ತಿದ್ದರೂ, ಹೇಳಿದರೆ ರೋಗಿಗೋ ಇತರರಿಗೋ ಆಘಾತವಾಗುವಂತಿದ್ದರೆ ಹೇಳಬೇಡ ಎಂದೂ ಹೇಳುತ್ತದೆ. ಮಾಸ್ತರರ ಮಗ ಆಡಿದ ಮಾತಿಗೆ ಎರಡು ಸಾವಿರ ವರ್ಷದ ಬೆಂಬಲವಿದೆ ಎಂದಾಯಿತು. ಅಷ್ಟರಿಂದಲೇ ಅದು ಸರಿಯಾಗುವುದಿಲ್ಲ.

ಮೊದಲ ಹೆಜ್ಜೆ: ಸಂಗತಿ ಯಾವುದು, ಇಷ್ಟಾನಿಷ್ಟ ಯಾವುದು ಬೇರ್ಪಡಿಸಿ

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ವೈದ್ಯರು ಮಾತ್ರ ಉತ್ತರಿಸಬಲ್ಲ ಪ್ರಶ್ನೆಗಳು: ಯಾವ ಕಾಯಿಲೆ, ಯಾವ ಹಂತ, ಯಾವ ಯಾವ ಚಿಕಿತ್ಸೆಗಳಿವೆ, ಏನೂ ಮಾಡದಿದ್ದರೆ ಏನಾಗುತ್ತದೆ. ಬಲಕ್ಕೆ ವೈದ್ಯರು ಉತ್ತರಿಸಲಾಗದವು: ಇವರಿಗೆ ಯಾವುದು ಮುಖ್ಯ, ಯಾವುದನ್ನು ಸಹಿಸಿಯಾರು, ಯಾವುದನ್ನು ಸಹಿಸಲಾರರು.

ನಮ್ಮ ಜಗಳಗಳಲ್ಲಿ ಬಹುಪಾಲು ಈ ಎರಡು ಕಲಸಿಹೋದದ್ದರಿಂದ ಹುಟ್ಟುತ್ತವೆ. "ಕೀಮೋ ಕೊಡಿಸಲೇಬೇಕು" ಎಂದು ಮಗಳು ಫೋನಿನಲ್ಲಿ ಅಳುವಾಗ, ಕೀಮೋದಿಂದ ಅಪ್ಪ ಗುಣವಾಗುತ್ತಾರೆ ಎಂದು ಆಕೆ ನಂಬಿದ್ದಾಳೆಯೇ, ಅಥವಾ ಗುಣವಾಗದಿದ್ದರೂ ಕೈಚೆಲ್ಲಿದೆವು ಎಂಬ ಭಾವ ಉಳಿಯಬಾರದು ಎನ್ನುತ್ತಿದ್ದಾಳೆಯೇ? ಮೊದಲನೆಯದಾದರೆ ಮಾಹಿತಿಯಿಂದ ತಿದ್ದಬಹುದು. ಎರಡನೆಯದಕ್ಕೆ ಮಾಹಿತಿ ಮದ್ದಲ್ಲ.

ಎಡಭಾಗ ತುಂಬಲು ದಾಖಲೆ ಬೇಕು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಿಯಮಗಳ ಪ್ರಕಾರ ರೋಗಿಯಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು. ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವುದು ಮೊದಲ ವೈದ್ಯರಿಗೆ ಮಾಡುವ ಅವಮಾನ ಎಂಬ ಸಂಕೋಚ ಬೇಡ. ಒಳ್ಳೆಯ ವೈದ್ಯರು ಇದನ್ನು ತಪ್ಪಾಗಿ ತಿಳಿಯುವುದಿಲ್ಲ.

ಎರಡನೆಯ ಹೆಜ್ಜೆ: ನಿರ್ಧಾರ ಯಾರದು ಎಂದು ಕೇಳಿ

ಸ್ವಾಯತ್ತತೆಯ ತತ್ವ ಇಲ್ಲಿದೆ, ಈ ಲೇಖನದ ಹೆಚ್ಚಿನ ಭಾರವೂ ಇಲ್ಲಿದೆ. ಎಚ್ಚರವಿರುವ, ಅರ್ಥ ಮಾಡಿಕೊಳ್ಳಬಲ್ಲ ವಯಸ್ಕ ರೋಗಿಯ ದೇಹದ ಬಗ್ಗೆ ತೀರ್ಮಾನಿಸುವವರು ಆ ರೋಗಿಯೇ. ಗಂಡನಲ್ಲ, ಹಿರಿಯ ಮಗನಲ್ಲ, ಬಿಲ್ ಕಟ್ಟುವವರಲ್ಲ.

ಇದು ಬರೀ ತತ್ವವಲ್ಲ, ನಮ್ಮ ದೇಶದ ಕಾನೂನೂ ಹೌದು. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತ ಸಮೀರಾ ಕೊಹ್ಲಿ ಪ್ರಕರಣವನ್ನು ನೋಡಿ. 44 ವರ್ಷದ ಮಹಿಳೆ ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಒಳಗೆ ನೋಡುವ ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟು ಅರಿವಳಿಕೆಯಲ್ಲಿದ್ದರು. ಒಳಗೆ ನೋಡಿದ ಮೇಲೆ ಗರ್ಭಕೋಶ ತೆಗೆಯುವುದು ಒಳ್ಳೆಯದೆಂದು ವೈದ್ಯರಿಗೆ ಅನಿಸಿತು. ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದುಬಿಟ್ಟರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದಾಗ, ರೋಗಿ ಎಚ್ಚರಗೊಳ್ಳುವವರೆಗೆ ಕಾಯಬಹುದಾಗಿದ್ದಾಗ, ತಾಯಿಯ ಒಪ್ಪಿಗೆಗೆ ಬೆಲೆಯಿಲ್ಲ ಎಂದು ಕೋರ್ಟ್ ಹೇಳಿತು. ಪರಿಹಾರ 25,000 ರೂಪಾಯಿ. ಮೊತ್ತ ಹಾಸ್ಯಾಸ್ಪದ, ಆದರೆ ತತ್ವ ಗಟ್ಟಿಯಾಗಿ ನಿಂತಿತು.

ತುರ್ತು ಸ್ಥಿತಿ ಮಾತ್ರ ಅಪವಾದ. ಅಪಘಾತವಾಗಿ ಪ್ರಜ್ಞೆಯಿಲ್ಲದೆ ಬಂದವರಿಗೆ ಚಿಕಿತ್ಸೆ ನೀಡಲು ಯಾರ ಸಹಿಗೂ ಕಾಯಬೇಕಿಲ್ಲ.

ಹಾಗಾದರೆ ಮಾಸ್ತರರಿಗೆ ಕ್ಯಾನ್ಸರ್ ಎಂದು ಹೇಳಿಬಿಡಬೇಕೇ? ಮುಖಕ್ಕೆ ಹೊಡೆದಂತೆ ಹೇಳುವುದನ್ನು ಯಾವ ತತ್ವವೂ ಬಯಸುವುದಿಲ್ಲ. ಎಷ್ಟು ತಿಳಿಯಬೇಕು ಎಂಬುದನ್ನೂ ರೋಗಿಯೇ ನಿರ್ಧರಿಸಲಿ. ವೈದ್ಯರು ಹೀಗೆ ಕೇಳಬಹುದು: "ಮಾಸ್ತರೇ, ಪರೀಕ್ಷೆಯ ಫಲಿತಾಂಶ ಬಂದಿದೆ. ವಿವರಗಳನ್ನು ನಿಮಗೇ ಹೇಳಲೇ, ಅಥವಾ ನಿಮ್ಮ ಮಗನ ಜೊತೆ ಮಾತಾಡಲೇ?" "ನನಗೇನೂ ಬೇಡ, ಅವನಿಗೇ ಹೇಳಿ, ಅವನು ಹೇಳಿದಂತೆ ಆಗಲಿ" ಎಂದು ಅವರು ಅಂದರೆ ಅದೂ ಅವರದೇ ನಿರ್ಧಾರ, ಸ್ವಾಯತ್ತತೆಗೆ ಭಂಗವಿಲ್ಲ. ಅವರನ್ನು ಕೇಳದೆಯೇ ಮಗ ಆ ಉತ್ತರವನ್ನು ಕೊಟ್ಟುಬಿಟ್ಟಾಗ ಮಾತ್ರ ಭಂಗ.

ಕುಟುಂಬದವರಿಗೆ ಒಂದು ಮಾತು. ರೋಗಿಗೆ ಏನೂ ಗೊತ್ತಿಲ್ಲ ಎಂದು ನೀವು ಭಾವಿಸಿರುತ್ತೀರಿ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಹೆಸರು ಓದಲು ಬರುವ, ಎದುರಿನ ಮಂಚದವರ ಜೊತೆ ಮಾತಾಡುವ, ನಲವತ್ತು ವರ್ಷ ಮಕ್ಕಳ ಸುಳ್ಳುಗಳನ್ನು ಹಿಡಿದ ಮಾಸ್ತರರಿಗೆ ಗೊತ್ತಾಗದಿರುತ್ತದೆಯೇ? ಅವರಿಗೆ ಗೊತ್ತಿದೆ ಎಂದು ನಿಮಗೆ ಗೊತ್ತಿಲ್ಲ, ಅಷ್ಟೆ. ಆ ನಾಟಕದಲ್ಲಿ ಹೋಗುವುದು ಹೊಲದ ಪತ್ರ, ಹಳೆಯ ಮನಸ್ತಾಪ, ಮೊಮ್ಮಗಳನ್ನು ನೋಡುವ ಆಸೆ ಇವೆಲ್ಲವನ್ನು ಮಾತಾಡಿ ಮುಗಿಸಬಹುದಾಗಿದ್ದ ಸಮಯ.

ರೋಗಿಗೆ ತೀರ್ಮಾನಿಸುವ ಶಕ್ತಿ ಇದೆಯೇ ಎಂಬ ಅನುಮಾನ ಬಂದರೆ ಮೂರು ಸಂಗತಿ ನೋಡಿ: ಹೇಳಿದ್ದು ಅರ್ಥವಾಗುತ್ತಿದೆಯೇ, ಅದರ ಪರಿಣಾಮ ತನಗೇನು ಎಂಬ ಅರಿವಿದೆಯೇ, ತನ್ನ ಆಯ್ಕೆಯನ್ನು ಮಾತಿನಿಂದಲೋ ಸನ್ನೆಯಿಂದಲೋ ತಿಳಿಸಬಲ್ಲರೇ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಅಳತೆಗೋಲೂ ಹೆಚ್ಚುಕಡಿಮೆ ಇದೇ. ನಿಮಗೆ ಒಪ್ಪದ ತೀರ್ಮಾನ ಮಾಡಿದರು ಎಂಬ ಮಾತ್ರಕ್ಕೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎನ್ನುವಂತಿಲ್ಲ; ಆ ಕಾಯ್ದೆ ಇದನ್ನೂ ಬಿಡಿಸಿ ಹೇಳುತ್ತದೆ. ಶಕ್ತಿ ಬೆಳಿಗ್ಗೆ ಇದ್ದು ಸಂಜೆ ಇಲ್ಲದಿರಬಹುದು. ಹಾಗಾಗಿ ಮುಖ್ಯ ಮಾತುಗಳನ್ನು ಜ್ವರ ಇಳಿದ, ನೋವು ಕಡಿಮೆಯಿರುವ ಹೊತ್ತಿನಲ್ಲಿ ಆಡಿ.

ಮೂರನೆಯ ಹೆಜ್ಜೆ: ಒಪ್ಪಿಗೆ ಪತ್ರವನ್ನು ಪರೀಕ್ಷಿಸಿ

ಪತ್ರ ನಿಮಗೆ ಬರುವ ಭಾಷೆಯಲ್ಲಿರಲಿ. ಇಂಗ್ಲಿಷಿನಲ್ಲಿದ್ದರೆ ಕನ್ನಡ ಪ್ರತಿ ಕೇಳಿ. ಇಲ್ಲವೆಂದರೆ ಓದಿ ಹೇಳಿಸಿ, ಹಾಗೆ ಓದಿ ಹೇಳಲಾಗಿದೆ ಎಂದು ಅದರ ಮೇಲೆಯೇ ಬರೆಸಿ. ಖಾಲಿ ಜಾಗಗಳಿರುವ ಪತ್ರಕ್ಕೆ ಸಹಿ ಬೇಡ. "ಅಗತ್ಯವೆನಿಸಿದ ಯಾವುದೇ ಚಿಕಿತ್ಸೆ" ಎಂಬಂಥ ಸಾಲಿದ್ದರೆ ಅದರ ಅರ್ಥವೇನು, ಉದಾಹರಣೆ ಯಾವುದು ಎಂದು ವಿಚಾರಿಸಿ.

ಎಲ್ಲ ಕೇಳಿಸಿಕೊಂಡ ಮೇಲೆ ಒಂದು ಸರಳ ಪರೀಕ್ಷೆ ಮಾಡಿ: ರೋಗಿ ತನ್ನ ಮಾತಿನಲ್ಲಿ ಅದನ್ನು ವೈದ್ಯರಿಗೆ ತಿರುಗಿ ಹೇಳಲಿ. "ಅಂದರೆ ಈ ಸ್ಟೆಂಟ್ ಕೊಳವೆ ಹಾಕಿದರೆ ಅನ್ನ ಇಳಿಯುತ್ತದೆ, ಆದರೆ ಗಂಟು ಕರಗುವುದಿಲ್ಲ, ಅಲ್ಲವೇ ಡಾಕ್ಟರೇ?" ಹೀಗೆ ಹೇಳಲು ಬಂದರೆ ಸಹಿಗೆ ಅರ್ಥವಿದೆ. ಬಾರದಿದ್ದರೆ ವಿವರಣೆ ಸಾಲದು ಎಂದೇ ತಿಳಿಯಿರಿ, ದೋಷ ರೋಗಿಯದಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು ಎಂಬುದೂ ನೆನಪಿರಲಿ.

ನಾಲ್ಕನೆಯ ಹೆಜ್ಜೆ: ಹಿತ ಮತ್ತು ಹಾನಿ, ಎರಡನ್ನೂ ರೋಗಿಯ ಅಳತೆಯಲ್ಲಿ ತೂಗಿ

"ಚಿಕಿತ್ಸೆಯಿಂದ ಪ್ರಯೋಜನವಿದೆ" ಎಂದು ವೈದ್ಯರು ಹೇಳಿದಾಗ ಪ್ರಯೋಜನವೆಂದರೆ ಏನು ಎಂದು ಕೇಳಲೇಬೇಕು. ಸ್ಕ್ಯಾನಿನಲ್ಲಿ ಗಂಟು ಚಿಕ್ಕದಾಗುವುದೇ? ಕೆಲವು ತಿಂಗಳು ಹೆಚ್ಚು ಬದುಕುವುದೇ? ಆ ತಿಂಗಳುಗಳನ್ನು ಮನೆಯ ಜಗಲಿಯಲ್ಲಿ ಕಳೆಯಬಹುದೇ, ಅಥವಾ ಹಾವೇರಿ–ಹುಬ್ಬಳ್ಳಿ ನಡುವಿನ ಓಡಾಟದಲ್ಲೇ ಮುಗಿಯುತ್ತವೆಯೇ? ಮಾಸ್ತರರಿಗೆ ಯುಗಾದಿಯವರೆಗೆ ಮನೆಯಲ್ಲಿರುವುದು ದೊಡ್ಡದಾಗಿದ್ದರೆ, ಅದನ್ನು ಕಸಿಯುವ ಚಿಕಿತ್ಸೆ ಪಠ್ಯಪುಸ್ತಕದ ಪ್ರಕಾರ ಎಷ್ಟೇ ಸರಿಯಿದ್ದರೂ ಅವರ ಹಿತವಲ್ಲ. ಇನ್ನೊಬ್ಬರಿಗೆ ಒಂದೊಂದು ವಾರವೂ ಮುಖ್ಯವಿರಬಹುದು. ಅವರಿಗೆ ಅದೇ ಚಿಕಿತ್ಸೆ ಹಿತ.

ಹಾನಿ ಮಾಡದಿರುವುದು ಎಂದರೆ ಸೂಜಿ ಚುಚ್ಚದಿರುವುದು ಎಂದಲ್ಲ. ಹಾಗಾದರೆ ಶಸ್ತ್ರಚಿಕಿತ್ಸೆಯೇ ನಡೆಯದು. ಆಗುವ ನೋವಿಗೆ ತಕ್ಕ ಲಾಭವಿದೆಯೇ ಎಂಬುದಷ್ಟೇ ಪ್ರಶ್ನೆ. ಇಲ್ಲಿ ನಮ್ಮಲ್ಲಿ ಹೆಚ್ಚು ತಪ್ಪುವುದು ಎರಡು ಕಡೆ.

ಒಂದು ವೆಂಟಿಲೇಟರ್. ಹಾಕಿದ ಮೇಲೆ ತೆಗೆಯುವುದೆಂದರೆ ಕೊಲೆ ಮಾಡಿದಂತೆ ಎಂಬ ಭಯದಿಂದ ಎಷ್ಟೋ ಕುಟುಂಬಗಳು ಬೇಕಿದ್ದಾಗಲೂ ಹಾಕಿಸುವುದಿಲ್ಲ, ಅಥವಾ ಬೇಡವಾದ ಮೇಲೂ ತೆಗೆಸುವುದಿಲ್ಲ. ಫಲವಿಲ್ಲದ ಚಿಕಿತ್ಸೆಯನ್ನು ಆರಂಭಿಸದಿರುವುದಕ್ಕೂ ಆರಂಭಿಸಿದ್ದನ್ನು ನಿಲ್ಲಿಸುವುದಕ್ಕೂ ನೈತಿಕವಾಗಿ ವ್ಯತ್ಯಾಸವಿಲ್ಲ ಎಂಬುದು ಈ ಶಾಸ್ತ್ರದಲ್ಲಿ ಬಹುಮಟ್ಟಿಗೆ ಒಪ್ಪಿತವಾದ ನಿಲುವು. ಮನಸ್ಸಿಗೆ ಅದು ಹಾಗೆನಿಸುವುದಿಲ್ಲ, ನಿಜ. ಅದಕ್ಕೆ ಒಂದು ದಾರಿಯಿದೆ: ಅವಧಿ ಗೊತ್ತುಮಾಡಿದ ಪ್ರಯತ್ನ. "ಐದು ದಿನ ನೋಡೋಣ. ಸೋಂಕು ಇಳಿದು ತಾವೇ ಉಸಿರಾಡುವ ಲಕ್ಷಣ ಕಂಡರೆ ಮುಂದುವರಿಸೋಣ, ಇಲ್ಲದಿದ್ದರೆ ಕುಳಿತು ಮಾತಾಡೋಣ" ಎಂದು ವೈದ್ಯರ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಕೇಸ್ ಶೀಟಿನಲ್ಲಿ ಬರೆಸಿ.

ಇನ್ನೊಂದು ಮಾರ್ಫಿನ್, ತೀವ್ರ ನೋವಿಗೆ ಕೊಡುವ ಔಷಧ. ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ ಎಂಬ ಹೆದರಿಕೆಯಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳು ನೋವಿನಿಂದ ಒದ್ದಾಡುವುದನ್ನು ನೋಡುತ್ತಾ ಕೂರುತ್ತೇವೆ. ತಿಳಿದ ವೈದ್ಯರು ಅಳತೆ ನೋಡಿ ಕೊಟ್ಟ ಮಾರ್ಫಿನ್ ನೋವನ್ನು ಕೊಲ್ಲುತ್ತದೆ, ರೋಗಿಯನ್ನಲ್ಲ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯಿಂದ ಆಸ್ಪತ್ರೆಗಳು ಇದನ್ನು ಪಡೆಯುವುದು ಮೊದಲಿಗಿಂತ ಸುಲಭವಾಗಿದೆ. "ಇನ್ನು ನಮ್ಮ ಕೈಯಲ್ಲಿ ಏನಿಲ್ಲ" ಎಂದು ಯಾರಾದರೂ ಹೇಳಿದರೆ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು ಇಳಿಸಿ ನೆಮ್ಮದಿ ಕೊಡುವ ಆರೈಕೆಯ ವಿಭಾಗ ಎಲ್ಲಿದೆ ಎಂದು ಕೇಳಿ. ಬೆಂಗಳೂರಿನ ಕರುಣಾಶ್ರಯದಂಥ ಸಂಸ್ಥೆಗಳು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿಯೇ ನೋಡಿಕೊಳ್ಳುತ್ತವೆ. ಗುಣಪಡಿಸಲಾಗದ ಕಡೆ ಮಾಡಬಹುದಾದ ಕೆಲಸ ಬೇಕಾದಷ್ಟಿದೆ.

ಐದನೆಯ ಹೆಜ್ಜೆ: ಇದರ ಹೊರೆ ಯಾರ ಮೇಲೆ ಬೀಳುತ್ತದೆ ನೋಡಿ

ಈಗ ಸಿಯಾಟಲ್. 1960ರಲ್ಲಿ ಅಲ್ಲಿನ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಮೂತ್ರಪಿಂಡ ಕೆಟ್ಟವರಿಗೆ ಪದೇ ಪದೇ ಡಯಾಲಿಸಿಸ್ ಮಾಡಲು ಸಾಧ್ಯವಾಗುವಂಥ ಕೊಳವೆಯೊಂದನ್ನು ರೂಪಿಸಿದರು. ಎರಡು ವರ್ಷದಲ್ಲಿ ಕೇಂದ್ರವೊಂದು ತೆರೆಯಿತು. ಯಂತ್ರಗಳು ಕೆಲವೇ, ಸಾಯುತ್ತಿದ್ದವರು ಬಹಳ. ಯಾರಿಗೆ ಯಂತ್ರ, ಯಾರಿಗಿಲ್ಲ ಎಂದು ತೀರ್ಮಾನಿಸಲು ಊರಿನ ಏಳು ಜನ ನಾಗರಿಕರ ಸಮಿತಿ ಮಾಡಿದರು. ಅವರು ನೋಡಿದ್ದು ಏನನ್ನು? ಮದುವೆಯಾಗಿದೆಯೇ, ಮಕ್ಕಳೆಷ್ಟು, ಆದಾಯವೆಷ್ಟು, ಚರ್ಚಿಗೆ ಹೋಗುತ್ತಾರೆಯೇ! ಲೈಫ್ ಪತ್ರಿಕೆ 1962ರಲ್ಲಿ ಇದನ್ನು ಬಯಲು ಮಾಡಿದಾಗ ಜನ ಬೆಚ್ಚಿದರು. ಸಮಿತಿಯವರು ಕೆಟ್ಟವರಾಗಿರಲಿಲ್ಲ. ತಮ್ಮಂತೆ ಬದುಕುವವರ ಜೀವಕ್ಕೆ ಅವರಿಗೇ ತಿಳಿಯದಂತೆ ಹೆಚ್ಚು ಬೆಲೆ ಕಟ್ಟಿದರು.

ನ್ಯಾಯದ ತತ್ವ ಕೇಳುವುದು ಇದನ್ನೇ: ಸಮಾನ ಅಗತ್ಯವಿರುವವರಿಗೆ ಸಮಾನ ಅವಕಾಶವಿದೆಯೇ? ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಾಂಗಗಳನ್ನು ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಯ ಮೂಲಕ ಹಂಚುವುದರ ಹಿಂದೆ ಈ ವಿಚಾರವಿದೆ. ಅಂಗಾಂಗಗಳ ಮಾರಾಟವನ್ನು 1994ರ ಕಾಯ್ದೆ ನಿಷೇಧಿಸಿದ್ದೂ ಇದಕ್ಕಾಗಿ; ಬಡವನ ಮೂತ್ರಪಿಂಡ ಸಿರಿವಂತನ ಬಿಡಿಭಾಗ ಆಗಬಾರದು.

ಆಸ್ಪತ್ರೆಯ ಬಾಗಿಲಲ್ಲಿ ಇದು ನಿಮಗೆ ಉಪಯೋಗಕ್ಕೆ ಬರುವುದು ಹೀಗೆ. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮೊದಲು ಜೀವ ಉಳಿಸುವ ಚಿಕಿತ್ಸೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರ ಪ್ರಕರಣದಲ್ಲೇ ಹೇಳಿದೆ. ಪೊಲೀಸ್ ಪ್ರಕ್ರಿಯೆ ಆಮೇಲೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಲ್ಲಿ ರೋಗಿಗಳ ಹಕ್ಕುಗಳ ಸನ್ನದು ಇದೆ. ಆಸ್ಪತ್ರೆಯಲ್ಲಿ ಅದನ್ನು ತೋರಿಸಿ ಎಂದು ಕೇಳಬಹುದು. ಖರ್ಚಿನ ಅಂದಾಜನ್ನು ಮೊದಲೇ ಕೇಳುವುದಕ್ಕೆ ನಾಚಿಕೆ ಬೇಡ. ಹೊಲ ಮಾರಿ ಚಿಕಿತ್ಸೆ ಕೊಡಿಸುವ ನಿರ್ಧಾರವೂ ನೈತಿಕ ನಿರ್ಧಾರವೇ, ಅದನ್ನು ಮಾಸ್ತರರಿಂದ ಮುಚ್ಚಿಡುವುದು ಅವರಿಗೆ ಮಾಡುವ ಉಪಕಾರವಲ್ಲ.

ಮನೆಯೊಳಗೂ ನ್ಯಾಯದ ಪ್ರಶ್ನೆಯಿದೆ. ಕೀಮೋ ಬೇಕೆಂದು ಅಮೆರಿಕದಿಂದ ಹೇಳುವುದು ಒಬ್ಬರು, ಹಣ ಹೊಂದಿಸುವುದು ಇನ್ನೊಬ್ಬರು, ವಾಂತಿ ತೊಳೆಯುವುದು ಮಾತ್ರ ಯಾರೂ ಅಭಿಪ್ರಾಯ ಕೇಳದ ಸೊಸೆ. ಜೀವಂತ ದಾನಿಗಳಿಂದ ಮೂತ್ರಪಿಂಡ ಪಡೆಯುವಾಗಲೂ ನಮ್ಮ ದೇಶದಲ್ಲಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಪ್ರೀತಿಯಿಂದ ಕೊಟ್ಟವರೂ ಇದ್ದಾರೆ, ಬೇಡವೆನ್ನಲಾಗದೆ ಕೊಟ್ಟವರೂ ಇದ್ದಾರೆ. ಕುಟುಂಬದವರ ಎದುರಿಗಲ್ಲದೆ ಒಬ್ಬಂಟಿಯಾಗಿ ಕೂರಿಸಿ ಕೇಳಿದಾಗ ಬರುವ ಉತ್ತರವೇ ದಾನಿಯ ಉತ್ತರ.

ಆರನೆಯ ಹೆಜ್ಜೆ: ತತ್ವಗಳು ತಮ್ಮತಮ್ಮಲ್ಲೇ ಜಗಳವಾಡಿದಾಗ

ಆಡಿಯೇ ಆಡುತ್ತವೆ. ಜೀವ ಉಳಿಸಲು ರಕ್ತ ಕೊಡಬೇಕಾದಾಗಲೂ ಬೇಡವೆನ್ನುವ ರೋಗಿಯಲ್ಲಿ ಸ್ವಾಯತ್ತತೆ ಮತ್ತು ಹಿತ ಎದುರುಬದುರು ನಿಲ್ಲುತ್ತವೆ. ನಾಲ್ಕರಲ್ಲಿ ಯಾವುದೂ ಯಾವಾಗಲೂ ಮೇಲಲ್ಲ ಎಂಬುದು ಬೋಷಾಂಪ್ ಮತ್ತು ಚಿಲ್ಡ್ರೆಸ್ ಅವರ ನಿಲುವು. ಒಂದನ್ನು ಬದಿಗಿಡಬೇಕಾದರೆ ಬಲವಾದ ಕಾರಣ ಬೇಕು, ಬದಿಗಿಡುವುದೂ ಎಷ್ಟು ಅಗತ್ಯವೋ ಅಷ್ಟೇ ಇರಬೇಕು. ಇದರಿಂದ ಗಣಿತದಂತೆ ಉತ್ತರ ಬರುವುದಿಲ್ಲ ಎಂದು ದೂರುವವರಿದ್ದಾರೆ. ದೂರು ನಿಜ. ಆದರೂ ಏನನ್ನು ಬಿಟ್ಟುಕೊಡುತ್ತಿದ್ದೇವೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದಲ್ಲ, ಅದೇ ದೊಡ್ಡ ಲಾಭ.

ರೋಗಿ ಮಾತಾಡಲಾರದ ಸ್ಥಿತಿಯಲ್ಲಿದ್ದರೆ ಅವರ ಪರವಾಗಿ ಮಾತಾಡುವವರು "ನನಗೇನು ಬೇಕು" ಎಂದು ಯೋಚಿಸಬಾರದು, "ಅವರು ಎದ್ದು ಕುಳಿತು ತಮ್ಮ ಈ ಸ್ಥಿತಿಯನ್ನು ನೋಡಿದ್ದರೆ ಏನೆನ್ನುತ್ತಿದ್ದರು" ಎಂದು ಯೋಚಿಸಬೇಕು. ಪರವಾಗಿ ಮಾತಾಡುವವರು ಯಾರು ಎಂಬುದೇ ದೊಡ್ಡ ಪ್ರಶ್ನೆಯಾದದ್ದು ಅರುಣಾ ಶಾನಭಾಗ ಪ್ರಕರಣದಲ್ಲಿ. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರು 1973ರ ನವೆಂಬರ್‌ನಲ್ಲಿ ನಡೆದ ಅಮಾನುಷ ದಾಳಿಯಿಂದ ಮಿದುಳಿಗೆ ಪೆಟ್ಟಾಗಿ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಪತ್ರಕರ್ತೆ ಪಿಂಕಿ ವಿರಾನಿ ಅರುಣಾಗೆ ನೆಮ್ಮದಿಯ ಸಾವು ಕೋರಿ ಸುಪ್ರೀಂ ಕೋರ್ಟಿಗೆ ಹೋದರು. ಆದರೆ ದಶಕಗಳ ಕಾಲ ಒಂದು ಹಾಸಿಗೆ ಹುಣ್ಣೂ ಆಗದಂತೆ ನೋಡಿಕೊಂಡ ಕೆಇಎಂ ನರ್ಸುಗಳು ಒಪ್ಪಲಿಲ್ಲ. 2011ರ ಮಾರ್ಚ್‌ನಲ್ಲಿ ಕೋರ್ಟ್ ಆ ಆಸ್ಪತ್ರೆಯ ಸಿಬ್ಬಂದಿಯೇ ಅವರ ನಿಜವಾದ ಬಂಧುಗಳೆಂದು ಪರಿಗಣಿಸಿ ಅರ್ಜಿಯನ್ನು ತಿರಸ್ಕರಿಸಿತು. ಅದೇ ತೀರ್ಪಿನಲ್ಲಿ, ಕಟ್ಟುನಿಟ್ಟಿನ ಷರತ್ತುಗಳ ಮೇಲೆ ಜೀವರಕ್ಷಕ ಚಿಕಿತ್ಸೆ ಹಿಂತೆಗೆಯಲು ದಾರಿಯನ್ನೂ ತೆರೆಯಿತು. ಅರುಣಾ 2015ರ ಮೇ 18ರಂದು ತೀರಿಕೊಂಡರು. ಆಕೆಗೇನು ಬೇಕಿತ್ತು ಎಂಬುದನ್ನು ಹೇಳಬಲ್ಲ ಕಾಗದ ಒಂದೂ ಇರಲಿಲ್ಲ.

ಔಷಧ ಪ್ರಯೋಗಕ್ಕೆ ಕರೆದರೆ

"ಹೊಸ ಔಷಧದ ಟ್ರಯಲ್ ಇದೆ, ಸೇರುತ್ತೀರಾ" ಎಂದು ಮಾಸ್ತರರನ್ನು ಕೇಳಬಹುದು. ಸೇರಬಾರದು ಎಂದೇನಿಲ್ಲ, ಇಂದಿನ ಔಷಧಗಳೆಲ್ಲ ಹಿಂದೆ ಯಾರೋ ಸೇರಿದ್ದರಿಂದ ಬಂದವು. ಆದರೆ ಪ್ರಯೋಗ ಚಿಕಿತ್ಸೆಯಲ್ಲ. ಅದರ ಮೊದಲ ಉದ್ದೇಶ ಮುಂದಿನವರಿಗಾಗಿ ತಿಳಿವಳಿಕೆ ಗಳಿಸುವುದು.

2009ರಲ್ಲಿ ಅಂದಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ 10ರಿಂದ 14 ವರ್ಷದ ಸಾವಿರಾರು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಟ್ಟ ಯೋಜನೆ ಮರುವರ್ಷವೇ ನಿಂತದ್ದು ನೆನಪಿರಬಹುದು. ಲಸಿಕೆ ಕೆಟ್ಟದ್ದಲ್ಲ, ಗರ್ಭಕಂಠದ ಕ್ಯಾನ್ಸರ್ ತಡೆಯಲು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕೆಟ್ಟದ್ದು ನಡೆಸಿದ ರೀತಿ: ಖಮ್ಮಂನ ಹಾಸ್ಟೆಲುಗಳಲ್ಲಿದ್ದ ಬುಡಕಟ್ಟು ಹುಡುಗಿಯರ ಪರವಾಗಿ ವಾರ್ಡನ್‌ಗಳು ಸಹಿ ಹಾಕಿದ್ದರು. ಒಳ್ಳೆಯ ಲಸಿಕೆಯ ಮೇಲೂ ಜನರಿಗೆ ಅನುಮಾನ ಅಂಟಿಕೊಂಡದ್ದು ಇದರಿಂದಲೇ.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಪ್ರಯೋಗವನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ನೀತಿ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅರ್ಧದಷ್ಟಾದರೂ ಹೊರಗಿನವರಿರಬೇಕು, ಒಬ್ಬ ಸಾಮಾನ್ಯ ನಾಗರಿಕ ಮತ್ತು ಒಬ್ಬ ಮಹಿಳೆಯಾದರೂ ಇರಬೇಕು. ಆ ಸಮಿತಿಯ ಸಂಪರ್ಕ ವಿವರ ನಿಮ್ಮ ಒಪ್ಪಿಗೆ ಪತ್ರದಲ್ಲಿದೆಯೇ ನೋಡಿ. ಪ್ರಯೋಗ ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ದಾಖಲಾಗಿದೆಯೇ ಎಂದು ಅಂತರಜಾಲದಲ್ಲಿ ಯಾರು ಬೇಕಾದರೂ ಹುಡುಕಬಹುದು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡುವುದು ನಡೆಸುವವರ ಹೊಣೆ. ನಡುವೆ ಬಿಟ್ಟರೆ ನಿಮ್ಮ ಮಾಮೂಲಿ ಚಿಕಿತ್ಸೆಗೆ ಧಕ್ಕೆಯಾಗಬಾರದು. ಓದು ಬಾರದವರಿದ್ದರೆ ಪ್ರಯೋಗಕ್ಕೆ ಸಂಬಂಧಿಸದ ಸಾಕ್ಷಿಯೊಬ್ಬರು ವಿವರಣೆಯ ಉದ್ದಕ್ಕೂ ಅಲ್ಲಿರಬೇಕು. ಯಾವ ಆತುರವೂ ಬೇಡ, ಪತ್ರವನ್ನು ಮನೆಗೆ ತಂದು ಓದಿ.

ಕೊನೆಯ ಹೆಜ್ಜೆ: ಆರೋಗ್ಯವಾಗಿರುವಾಗಲೇ ಬರೆದಿಡಿ

ಅರುಣಾ ಪ್ರಕರಣದಲ್ಲಿ ಇರದಿದ್ದ ಕಾಗದವನ್ನು ನೀವು ಬರೆಯಬಹುದು. ಮುಂಚಿತ ವೈದ್ಯಕೀಯ ನಿರ್ದೇಶನ, ಅಂದರೆ ಲಿವಿಂಗ್ ವಿಲ್‌ಗೆ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಮಾನ್ಯತೆ ಕೊಟ್ಟಿತು. ಆಗ ವಿಧಿಸಿದ್ದ ಕಷ್ಟಸಾಧ್ಯ ಷರತ್ತುಗಳನ್ನು 2023ರ ಜನವರಿಯಲ್ಲಿ ಸಡಿಲಿಸಿತು. ಇದರ ಜಾರಿಗಾಗಿ ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ಬರೆಯುವವರು 18 ತುಂಬಿದವರಾಗಿದ್ದು ಮನಸ್ಸು ಸ್ವಸ್ಥವಾಗಿರಬೇಕು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂಬುದನ್ನು ಬಿಡಿಸಿ ಬರೆಯಿರಿ. "ಕಷ್ಟ ಕೊಡಬೇಡಿ" ಎಂಬಂಥ ಮಸುಕು ಮಾತು ವೈದ್ಯರಿಗೆ ಪ್ರಯೋಜನಕ್ಕೆ ಬಾರದು. ನಿಮ್ಮ ಪರವಾಗಿ ಮಾತಾಡಲು ಒಬ್ಬರನ್ನೋ ಹೆಚ್ಚು ಜನರನ್ನೋ ಹೆಸರಿಸಿ. ಹಿರಿಯ ಮಗನೇ ಆಗಬೇಕೆಂದಿಲ್ಲ. ಒತ್ತಡದಲ್ಲಿ ನಿಮ್ಮ ಮಾತನ್ನು ನಿಮ್ಮಂತೆಯೇ ಹೇಳಬಲ್ಲವರಾದರೆ ಸಾಕು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ಕುಟುಂಬದ ವೈದ್ಯರಿಗೆ, ಒಂದು ನಿಮ್ಮ ಪಂಚಾಯಿತಿಯ ಅಥವಾ ನಗರಸಭೆಯ ಗೊತ್ತುಪಡಿಸಿದ ಅಧಿಕಾರಿಗೆ. ಬೀರುವಿನಲ್ಲಿ ಬೀಗ ಹಾಕಿಟ್ಟರೆ ಬರೆದೂ ಬರೆಯದಂತೆ.

ಈ ಪತ್ರ ಇದ್ದ ಮಾತ್ರಕ್ಕೆ ಯಾರೂ ತಕ್ಷಣ ಯಂತ್ರ ಆರಿಸುವುದಿಲ್ಲ. ಚಿಕಿತ್ಸೆ ನೀಡುವ ವೈದ್ಯರು ಮತ್ತು ಕನಿಷ್ಠ ಐದು ವರ್ಷದ ಅನುಭವವಿರುವ ಇಬ್ಬರು ತಜ್ಞರ ಮಂಡಳಿ ಮೊದಲು ಪರಿಶೀಲಿಸುತ್ತದೆ. ಬೇರೆ ವೈದ್ಯರ ಎರಡನೆಯ ಮಂಡಳಿ ಅದನ್ನು ಮತ್ತೆ ನೋಡುತ್ತದೆ. ಎರಡೂ ಸಾಧ್ಯವಾದಷ್ಟು ಮಟ್ಟಿಗೆ 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕು. ಬರೆದವರಿಗೆ ಪ್ರಜ್ಞೆಯಿದ್ದು ಮಾತಾಡಬಲ್ಲರಾದರೆ ಪತ್ರಕ್ಕಿಂತ ಅವರ ಇಂದಿನ ಮಾತೇ ನಡೆಯುತ್ತದೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ತಿದ್ದಬಹುದು, ರದ್ದುಮಾಡಬಹುದು. ಅದನ್ನೂ ಲಿಖಿತವಾಗಿ, ಇದೇ ಕ್ರಮದಲ್ಲಿ ಮಾಡಿ, ಹಳೆಯ ಪ್ರತಿ ಇಟ್ಟುಕೊಂಡವರೆಲ್ಲರಿಗೂ ಹೊಸದನ್ನು ತಲುಪಿಸಿ.